ಗಾಜಿನ ಅಂಚು ನೆನೆಯಬಾರದು: ಮರದ ಕಿಟಕಿಗೆ ಜೋಡಿ ಗಾಜು ಕೂರಿಸುವ ಕೆಲಸ

(ಬೆಂಗಳೂರಿನಲ್ಲಿ ಬಡಗಿಗಳು, ಆರ್ಕಿಟೆಕ್ಟರು ಮತ್ತು ಮನೆ ಕಟ್ಟಿಸುವವರ ಎದುರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

"ಎರಡು ಗಾಜಿನ ಮಧ್ಯೆ ಮಂಜು ಕಟ್ಟಿಕೊಂಡಿದೆ. ಒಳಗಿನಿಂದ ಒರೆಸಿದರೂ ಹೋಗಲ್ಲ, ಹೊರಗಿನಿಂದ ಒರೆಸಿದರೂ ಹೋಗಲ್ಲ." ಜೋಡಿ ಗಾಜಿನ ಕಿಟಕಿ ಹಾಕಿಸಿಕೊಂಡವರಿಂದ ನನಗೆ ಬರುವ ದೂರುಗಳಲ್ಲಿ ಇದೇ ಹೆಚ್ಚು. ಕಿಟಕಿ ಕೂರಿಸಿ ಮೂರೋ ನಾಲ್ಕೋ ಮಳೆಗಾಲ ಕಳೆದಿರುತ್ತದೆ, ಅಷ್ಟೆ. ಮನೆಯವರು ಗಾಜಿನ ಅಂಗಡಿಯವರನ್ನು ಕೇಳುತ್ತಾರೆ, ಅವರು ಬಡಗಿಯ ಕಡೆ ಬೆರಳು ತೋರಿಸುತ್ತಾರೆ, ಬಡಗಿ ಮಳೆಯ ಕಡೆ ತೋರಿಸುತ್ತಾನೆ. ಗಾಜನ್ನು ಒತ್ತಿ ಹಿಡಿಯುವ ಮರದ ಪಟ್ಟಿಯನ್ನು, ಅಂದರೆ ಬೀಡಿಂಗನ್ನು, ಬಿಚ್ಚಿ ಗಾಜು ಎತ್ತಿ ನೋಡಿದಾಗ ಕಾಣುವುದು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ: ಕೆಳಗಿನ ಅಡ್ಡಪಟ್ಟಿಯ ರಿಬೇಟಿನಲ್ಲಿ (ಗಾಜು ಕೂರಲು ಮರದಲ್ಲಿ ತೆಗೆದ ತೋಡಿನಲ್ಲಿ) ನಿಂತ ನೀರು, ಕಪ್ಪಾದ ಮರ, ಮೆತ್ತಗಾಗಿ ಕೈಗೆ ಅಂಟುವ ಸೀಲು. ಗಾಜಿಗೆ ಏನೂ ಆಗಿರುವುದಿಲ್ಲ. ಕೆಟ್ಟಿರುವುದು ಅದರ ಅಂಚು.

ಮರದ ಕಿಟಕಿಯಲ್ಲಿ ಗಾಜಿನ ಸುತ್ತ ನೀರು ಬಂದೇ ಬರುತ್ತದೆ. ಇವತ್ತಲ್ಲದಿದ್ದರೆ ಐದು ವರ್ಷಕ್ಕೆ ಬರುತ್ತದೆ. ಹಾಗಾಗಿ ನೀರು ಬರದ ಹಾಗೆ ಎಷ್ಟು ಸಿಲಿಕೋನ್ ತುಂಬಿದ್ದೇವೆ ಎಂಬುದರ ಮೇಲೆ ಕಿಟಕಿಯ ಆಯಸ್ಸು ನಿಂತಿಲ್ಲ. ಬಂದ ನೀರು ಹೊರಗೆ ಹೋಗಲು ದಾರಿ ಬಿಟ್ಟಿದ್ದೇವೆಯೇ ಎಂಬುದರ ಮೇಲೆ ನಿಂತಿದೆ. ನಾನು ಈವತ್ತು ಹೇಳುವ ಉಳಿದ ಮಾತೆಲ್ಲ ಇದರ ಸುತ್ತಲೇ ಇರುತ್ತದೆ.

ಮೊದಲು ಜೋಡಿ ಗಾಜಿನ ಒಳಗೆ ಏನಿದೆ ನೋಡೋಣ. ಎರಡು ಹಾಳೆ ಗಾಜು, ನಡುವೆ ಸುತ್ತಲೂ ಟೊಳ್ಳಾದ ಅಲ್ಯೂಮಿನಿಯಂ ಪಟ್ಟಿ. ಇದೇ ಸ್ಪೇಸರ್. ಅದರ ಟೊಳ್ಳಿನಲ್ಲಿ ತೇವ ಹೀರುವ ಸಣ್ಣ ಕಾಳುಗಳು, ಜಿಯೋಲೈಟ್ ಜಾತಿಯವು. ಉಪ್ಪಿನ ಡಬ್ಬಿಗೆ ನಾಲ್ಕು ಅಕ್ಕಿಕಾಳು ಹಾಕಿಡುತ್ತೇವಲ್ಲ, ಅದೇ ಕೆಲಸ ಇವುಗಳದ್ದು. ಸ್ಪೇಸರಿಗೂ ಗಾಜಿಗೂ ನಡುವೆ ಬ್ಯೂಟೈಲ್ ಎಂಬ ಕಪ್ಪು ಅಂಟಿನ ಸಣ್ಣ ಎಳೆ ಇರುತ್ತದೆ. ನೀರಾವಿಯನ್ನು ನಿಜವಾಗಿ ತಡೆಯುವುದು ಆ ಎಳೆಯೇ. ಅದರ ಹಿಂದೆ, ಗಾಜಿನ ಅಂಚಿನವರೆಗೆ ತುಂಬಿರುವುದು ಎರಡನೆಯ ಸೀಲು: ಪಾಲಿಸಲ್ಫೈಡ್, ಪಾಲಿಯುರೆಥೇನ್ ಅಥವಾ ಸಿಲಿಕೋನ್. ಎರಡು ಹಾಳೆಗಳನ್ನು ಅಲುಗದಂತೆ ಹಿಡಿದಿಟ್ಟು, ಬ್ಯೂಟೈಲ್ ಎಳೆ ಹಿಗ್ಗಿ ಹರಿಯದಂತೆ ಕಾಪಾಡುವುದು ಇದರ ಕೆಲಸ.

ಎಷ್ಟೇ ಒಳ್ಳೆಯ ಸೀಲಾದರೂ ಕೂದಲೆಳೆಯಷ್ಟು ನೀರಾವಿ ಒಳಗೆ ಹೋಗುತ್ತಲೇ ಇರುತ್ತದೆ. ಅದನ್ನು ಕಾಳುಗಳು ಹೀರಿಕೊಳ್ಳುತ್ತವೆ. ಅಂಚು ಒಣಗಿದ್ದರೆ ಈ ಲೆಕ್ಕ ಇಪ್ಪತ್ತು, ಇಪ್ಪತ್ತೈದು ವರ್ಷ ನಡೆಯುತ್ತದೆ. ಅಂಚು ನೀರಿನಲ್ಲಿ ನಿಂತರೆ ಕಥೆಯೇ ಬೇರೆ. ಪಾಲಿಸಲ್ಫೈಡ್ ನೀರು ಕುಡಿದು ಉಬ್ಬುತ್ತದೆ, ಗಾಜಿನ ಮೇಲಿನ ಹಿಡಿತ ಬಿಡುತ್ತದೆ. ಹಿಡಿತ ಬಿಟ್ಟ ಕಡೆ ಬ್ಯೂಟೈಲ್ ಎಳೆ ಹಿಗ್ಗಿ ತೆಳುವಾಗುತ್ತದೆ. ವರ್ಷಗಟ್ಟಲೆ ನಡೆಯಬೇಕಾದ ಆವಿಯ ಸೋರಿಕೆ ತಿಂಗಳುಗಳಲ್ಲಿ ನಡೆದುಬಿಡುತ್ತದೆ. ಕಾಳುಗಳು ತುಂಬಿಹೋದ ಮೇಲೆ ಬರುವ ತೇವ ಗಾಜಿನ ಒಳಮೈ ಮೇಲೆ ಕೂರುತ್ತದೆ. ನಮಗೆ ಮಂಜು ಕಾಣುವ ಹೊತ್ತಿಗೆ ಒಳಗಿನ ಕೆಲಸ ಯಾವತ್ತೋ ಮುಗಿದಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಅಲ್ಲಲ್ಲಿ ಸಣ್ಣ ಗಾಜಿನ ಅಂಗಡಿಗಳಲ್ಲಿ ಎರಡು ಗಾಜಿನ ನಡುವೆ ಬರಿಯ ಪಟ್ಟಿ ಇಟ್ಟು, ಸುತ್ತ ಸಿಲಿಕೋನ್ ಹಚ್ಚಿ ಜೋಡಿ ಗಾಜು ಎಂದು ಕೊಡುತ್ತಾರೆ. ಕಾಳೂ ಇಲ್ಲ, ಬ್ಯೂಟೈಲೂ ಇಲ್ಲ. ಸಿಲಿಕೋನ್ ಬಿಸಿಲನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ, ಆದರೆ ನೀರಾವಿಯನ್ನು ಮಾತ್ರ ಸಲೀಸಾಗಿ ಬಿಟ್ಟುಕೊಡುತ್ತದೆ. ಅಂಥ ಗಾಜನ್ನು ಯಾವ ದೇವಲೋಕದ ಬಡಗಿ ಕೂರಿಸಿದರೂ ಉಳಿಯುವುದಿಲ್ಲ. ತರಿಸುವಾಗ ಎರಡು ಸೀಲು ಇವೆಯೇ, ಸ್ಪೇಸರಿನಲ್ಲಿ ಕಾಳು ತುಂಬಿದೆಯೇ ಎಂದು ಬಾಯಿಬಿಟ್ಟು ಕೇಳಿ. ಗಾಜು ಬಂದಾಗ ಬೆಳಕಿಗೆ ಹಿಡಿದು ಕಪ್ಪು ಎಳೆ ಸುತ್ತಲೂ ಎಲ್ಲೂ ಕಡಿಯದೆ ಓಡಿದೆಯೇ ನೋಡಿ. ಮೂಲೆಗಳನ್ನು ಎರಡು ಸಲ ನೋಡಿ. ತುಂಡು ಪಟ್ಟಿಗಳನ್ನು ಮೂಲೆಯಲ್ಲಿ ಜೋಡಿಸಿದ ಸ್ಪೇಸರಿಗಿಂತ, ಒಂದೇ ಪಟ್ಟಿಯನ್ನು ಮೂಲೆಗಳಲ್ಲಿ ಬಗ್ಗಿಸಿ ಮಾಡಿದ್ದು ಮೇಲು. ಸೋರುವುದು ಸಾಮಾನ್ಯವಾಗಿ ಮೂಲೆಯಲ್ಲೇ.

ಬೆಂಗಳೂರಿಗೆ ಇದು ಬೇಕೇ ಎಂಬ ಪ್ರಶ್ನೆಯನ್ನು ಇಲ್ಲೇ ಮುಗಿಸುತ್ತೇನೆ. ದೇಶದ ಇಂಧನ ಉಳಿತಾಯ ಕಟ್ಟಡ ಸಂಹಿತೆ ಬೆಂಗಳೂರನ್ನು ಸಮಶೀತೋಷ್ಣ ವಲಯಕ್ಕೆ ಸೇರಿಸಿದೆ. ಚಳಿಗಾಗಿ ನಮಗೆ ಜೋಡಿ ಗಾಜು ಬೇಕಿಲ್ಲ. ಒಂಟಿ ಗಾಜಿನ ಯು-ಮೌಲ್ಯ (ಶಾಖ ಎಷ್ಟು ದಾಟುತ್ತದೆ ಎಂಬುದರ ಅಳತೆ) ಸುಮಾರು 5.7, ನಡುವೆ 12 ಮಿ.ಮೀ. ಗಾಳಿ ಇರುವ ಜೋಡಿ ಗಾಜಿನದು ಸುಮಾರು 2.8. ಅಂದರೆ ಶಾಖ ದಾಟುವುದು ಅರ್ಧಕ್ಕೆ ಇಳಿಯುತ್ತದೆ. ಆದರೆ ಪಶ್ಚಿಮದ ಬಿಸಿಲು ನೇರವಾಗಿ ಗಾಜು ಹೊಕ್ಕು ಬರುವುದನ್ನು ಸಾದಾ ಜೋಡಿ ಗಾಜು ಅಷ್ಟಾಗಿ ತಡೆಯುವುದಿಲ್ಲ. ಅದಕ್ಕೆ ಸಜ್ಜಾ ಬೇಕು, ಮರ ಬೇಕು, ಇಲ್ಲವೇ ಲೇಪನ ಇರುವ ಗಾಜು ಬೇಕು. ಇನ್ನು ಶಬ್ದ. ಹೆಚ್ಚಿನವರು ಕೇಳಿಕೊಂಡು ಬರುವುದು ರಸ್ತೆಯ ಹಾರನ್ನಿಗಾಗಿಯೇ. ಎರಡೂ ಹಾಳೆ ಒಂದೇ ದಪ್ಪ ಇರುವ ಜೋಡಿ ಗಾಜು ಶಬ್ದದ ವಿಷಯದಲ್ಲಿ ಒಂಟಿ ಗಾಜಿಗಿಂತ ಒಂದೆರಡು ಡೆಸಿಬಲ್ ಮೇಲು, ಅಷ್ಟೇ. ಒಂದು ಹಾಳೆ ದಪ್ಪ ಇನ್ನೊಂದು ತೆಳು ಮಾಡಿಸಿ. ಅಥವಾ ಒಂದನ್ನು ಲ್ಯಾಮಿನೇಟ್, ಅಂದರೆ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಅಂಟಿಸಿದ ಗಾಜು, ಮಾಡಿಸಿ. ಶಟರು, ಅಂದರೆ ಕಿಟಕಿಯ ತೆರೆಯುವ ಬಾಗಿಲು, ಚೌಕಟ್ಟಿಗೆ ಕೂರುವ ಸಂದಿಗೆ ರಬ್ಬರ್ ಹಾಕಿಸಿ. ಸಂದಿಯಲ್ಲಿ ಬೆಳಕು ಕಾಣುತ್ತಿದ್ದರೆ ಶಬ್ದವೂ ಅಲ್ಲಿಂದಲೇ ಬರುತ್ತದೆ, ಗಾಜು ಎಷ್ಟೇ ದುಬಾರಿಯಾಗಿದ್ದರೂ.

ಈಗ ಬೆಂಗಳೂರಿಗೇ ವಿಶೇಷವಾದ ಒಂದು ಸಂಗತಿ. ಇದನ್ನು ಗಾಜು ತರಿಸುವವರು ಯಾರೂ ಕೇಳುವುದಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಚೆನ್ನೈಗಿಂತ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. ಜೋಡಿ ಗಾಜನ್ನು ಎಲ್ಲಿ ಸೀಲು ಮಾಡುತ್ತಾರೋ ಅಲ್ಲಿನ ಗಾಳಿ ಒಳಗೆ ಸಿಕ್ಕಿಕೊಳ್ಳುತ್ತದೆ. ಕರಾವಳಿಯ ಊರಿನಲ್ಲಿ ಸೀಲು ಮಾಡಿದ ಗಾಜು ಲಾರಿ ಹತ್ತಿ ಬೆಂಗಳೂರಿಗೆ ಬಂದರೆ ಒಳಗಿನ ಗಾಳಿ ಹಿಗ್ಗಲು ನೋಡುತ್ತದೆ. ಒಂದು ಮೀಟರ್ ಅಗಲದ ದೊಡ್ಡ ಗಾಜಾದರೆ ಎರಡು ಹಾಳೆಗಳೂ ಕಣ್ಣಿಗೆ ಕಾಣದಷ್ಟು ಹೊರಕ್ಕೆ ಬಾಗಿ ಆ ಒತ್ತಡವನ್ನು ಇಳಿಸಿಕೊಳ್ಳುತ್ತವೆ. ಸಣ್ಣ ಗಾಜು ಬಾಗುವುದಿಲ್ಲ. ಒಂದಡಿ ಅಗಲದ, 5 ಮಿ.ಮೀ. ದಪ್ಪದ ಗಾಜು ಬಲು ಗಡುಸು. ಅಲ್ಲಿ ಒತ್ತಡವೆಲ್ಲ ಅಂಚಿನ ಸೀಲನ್ನು ಎಳೆಯುವುದಕ್ಕೆ ಹೋಗುತ್ತದೆ. ನಮ್ಮ ಮರದ ಕಿಟಕಿಗಳಲ್ಲಿ ಇರುವುದೋ ಹೆಚ್ಚಾಗಿ ಇಂಥ ಸಣ್ಣ ಗಾಜುಗಳೇ.

ಇದರ ಮೇಲೆ ಬಿಸಿಲಿನ ಪಾಲು ಸೇರುತ್ತದೆ. 25 ಡಿಗ್ರಿಯಲ್ಲಿ ಸೀಲಾದ ಗಾಳಿ ಪಶ್ಚಿಮದ ಕಿಟಕಿಯಲ್ಲಿ ಏಪ್ರಿಲ್ ಮಧ್ಯಾಹ್ನ 50 ಡಿಗ್ರಿಗೆ ಏರಿದರೆ ಇನ್ನೊಂದು ಶೇಕಡ 8ರಷ್ಟು ಒತ್ತಡ ಏರುತ್ತದೆ. ಸಂಜೆಗೆ ಇಳಿಯುತ್ತದೆ. ಮರುದಿನ ಮತ್ತೆ ಏರುತ್ತದೆ. ಎತ್ತರದ ಎಳೆತ ಸದಾ ಇದ್ದೇ ಇರುತ್ತದೆ, ಅದರ ಮೇಲೆ ಈ ದಿನನಿತ್ಯದ ಎಳೆದಾಟ. ಹಾಗಾಗಿ ಗಾಜನ್ನು ಬೆಂಗಳೂರಿನಲ್ಲೇ, ಇಲ್ಲವೇ ಇಷ್ಟೇ ಎತ್ತರದ ಊರಿನಲ್ಲಿ ಸೀಲು ಮಾಡಿಸಿ. ಹಾಳೆ ಗಾಜು ಎಲ್ಲಿಂದ ಬಂದರೂ ಚಿಂತೆಯಿಲ್ಲ, ಸೀಲು ಎಲ್ಲಿ ಆಯಿತು ಎಂಬುದು ಮುಖ್ಯ. ಕಿಟಕಿ ಸಣ್ಣದಾದರೆ ನಡುವಿನ ಗಾಳಿಯ ಅಂತರವನ್ನೂ ಕಡಿಮೆ ಇಡಿ. ಗಾಳಿ ಕಡಿಮೆ ಇದ್ದಷ್ಟೂ ಹಿಗ್ಗುವುದು ಕಡಿಮೆ. ಊಟಿಯಂಥ 2,200 ಮೀಟರಿನ ಊರಿಗೆ ಕಳಿಸುವ ಗಾಜಿಗೆ ಒತ್ತಡ ಸರಿದೂಗಿಸಲು ಸಣ್ಣ ನಳಿಗೆ ಇಟ್ಟು ಕಳಿಸಿ, ಊರು ತಲುಪಿದ ಮೇಲೆ ಅದನ್ನು ಮುಚ್ಚುವ ಪದ್ಧತಿಯೂ ಇದೆ.

ಮರಕ್ಕೆ ಬರೋಣ. ಮಲ್ಲೇಶ್ವರದ ಹದಿನೆಂಟನೆಯ ಕ್ರಾಸಿನಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾದದ್ದು. ಮರ ಯಾವುದು, ಎಷ್ಟು ಒಣಗಿದೆ ಎಂಬ ಪ್ರಶ್ನೆಗೆ ವಿಜ್ಞಾನದ ಉತ್ತರ ಸಿಗುವ ಜಾಗ ನಮ್ಮ ಊರಲ್ಲೇ ಇದೆ ಎಂಬುದು ಬಡಗಿಗಳಿಗೂ ಗೊತ್ತಿರಲಿ ಎಂದು ಹೇಳಿದೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡಿನಲ್ಲಿ ತೇಗ ಕೊಳ್ಳುವಾಗ ಎಲ್ಲರೂ ಬಣ್ಣ ನೋಡುತ್ತಾರೆ, ಗೆರೆ ನೋಡುತ್ತಾರೆ. ತೇವ ನೋಡುವವರು ಕಡಿಮೆ. ತೇವ ಅಳೆಯುವ ಪುಟ್ಟ ಮೀಟರು ಸಿಗುತ್ತದೆ, ಚುಚ್ಚಿ ನೋಡಿ. ಶೇಕಡ 12ರ ಆಸುಪಾಸು ಇದ್ದರೆ ನಮ್ಮ ಹವೆಗೆ ಸರಿ. 18 ಇರುವ ಮರದಲ್ಲಿ ಶಟರು ಮಾಡಿ ಜೋಡಿ ಗಾಜು ಕೂರಿಸಿದರೆ ಮಾರ್ಚ್ ಹೊತ್ತಿಗೆ ಮರ ಕುಗ್ಗುತ್ತದೆ, ಗಾಜಿಗೂ ಮರಕ್ಕೂ ನಡುವಿನ ಅಂಟು ಹರಿಯುತ್ತದೆ. ಮುಂದಿನ ಮೇ ತಿಂಗಳ ಗಾಳಿಮಳೆ ಆ ಬಿರುಕನ್ನು ಹುಡುಕಿಕೊಂಡು ಬರುತ್ತದೆ.

ಚೆನ್ನಾಗಿ ಒಣಗಿದ ತೇಗವೂ ಅಲುಗುತ್ತದೆ. ನಮ್ಮಲ್ಲಿ ಫೆಬ್ರವರಿ, ಮಾರ್ಚಿನ ಗಾಳಿ ಬಹಳ ಒಣ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ವರ್ಷದಲ್ಲೇ ಹೆಚ್ಚು ಮಳೆ. ಈ ಎರಡರ ನಡುವೆ ಮೂರಿಂಚು ಅಗಲದ ಪಟ್ಟಿ ಅಡ್ಡಕ್ಕೆ ಅರ್ಧದಿಂದ ಒಂದು ಮಿ.ಮೀ. ಹಿಗ್ಗಿ ಕುಗ್ಗುವುದು ಸಹಜ. ಗಾಜು ಹಾಗೆ ಅಲುಗುವುದಿಲ್ಲ. ಅಲುಗುವ ವಸ್ತುವಿನೊಳಗೆ ಅಲುಗದ ವಸ್ತುವನ್ನು ಕೂರಿಸುತ್ತಿದ್ದೇವೆ. ಸುತ್ತ ಜಾಗ ಬಿಡಲೇಬೇಕು. ಕೆಚ್ಚು ಮಾತ್ರ ಬಳಸಿ. ತೊಗಟೆಯ ಕಡೆಯ ಬಿಳಿ ಭಾಗ ತೇಗದಲ್ಲೂ ಗೆದ್ದಲಿಗೆ, ಕೊಳೆತಕ್ಕೆ ತುತ್ತಾಗುತ್ತದೆ. ತೇಗದ ಹೆಸರಿನಲ್ಲಿ ಅದನ್ನೇ ಕೆಳಗಿನ ಅಡ್ಡಪಟ್ಟಿಗೆ ಹಾಕಿರುವುದನ್ನು ನೋಡಿದ್ದೇನೆ.

ದಪ್ಪದ ಲೆಕ್ಕ ಈಗ. ನಮ್ಮ ಹಳೆಯ ಶಟರುಗಳು ಸಾಮಾನ್ಯವಾಗಿ ಒಂದೂಕಾಲು ಇಂಚು, ಅಂದರೆ 32 ಮಿ.ಮೀ. ದಪ್ಪ. ಅದು 4 ಮಿ.ಮೀ. ಒಂಟಿ ಗಾಜಿಗೆ ಹೇಳಿ ಮಾಡಿಸಿದ ದಪ್ಪ. 5 ಮಿ.ಮೀ. ಗಾಜು, 12 ಮಿ.ಮೀ. ಅಂತರ, ಮತ್ತೆ 5 ಮಿ.ಮೀ. ಗಾಜು ಸೇರಿದರೆ 22. ಎರಡೂ ಬದಿಗೆ 3 ಮಿ.ಮೀ.ನ ಫೋಮ್ ಟೇಪು ಸೇರಿ 28. ಬೀಡಿಂಗಿಗೆ 16, ಹಿಂದೆ ಉಳಿಯುವ ಮರದ ತುಟಿಗೆ ಕನಿಷ್ಠ 12. ಒಟ್ಟು 56. ಎರಡೂಕಾಲು ಇಂಚಿನ ಶಟರು ಬೇಕು ಎಂದಾಯಿತು. ಐದು ಇಂಚು ಮೂರು ಇಂಚಿನ ಚೌಕಟ್ಟಿಗೆ ಅದನ್ನು ಕೂರಿಸಬಹುದು, ಆದರೆ ಚೌಕಟ್ಟಿನ ರಿಬೇಟನ್ನು ಶುರುವಿನಲ್ಲೇ ಅದಕ್ಕೆ ತಕ್ಕಂತೆ ತೆಗೆಸಬೇಕು. ಮನೆ ಮೇಲೆದ್ದ ಮೇಲೆ ಗಾಜಿನ ಬಗ್ಗೆ ಯೋಚಿಸಿದರೆ ಈ ಜಾಗ ಸಿಗುವುದಿಲ್ಲ.

ರಿಬೇಟಿನ ಎತ್ತರವೂ ಅಷ್ಟೇ ಮುಖ್ಯ. ನಮ್ಮ ಬಡಗಿಗಳು ಅಭ್ಯಾಸಬಲದಿಂದ ಅರ್ಧ ಇಂಚು ತೆಗೆಯುತ್ತಾರೆ. ಜೋಡಿ ಗಾಜಿಗೆ 18 ಮಿ.ಮೀ. ಬೇಕು. ಅದರಲ್ಲಿ 6 ಮಿ.ಮೀ. ಗಾಜಿನ ಕೆಳಗಿನ ಖಾಲಿ ಜಾಗ. ಉಳಿದ 12 ಮಿ.ಮೀ. ಸ್ಪೇಸರ್ ಮತ್ತು ಸೀಲು ಪೂರ್ತಿ ಮರೆಯಾಗುವುದಕ್ಕೆ. ಪಾಲಿಸಲ್ಫೈಡ್ ಆಗಲಿ, ಪಾಲಿಯುರೆಥೇನ್ ಆಗಲಿ ಬಿಸಿಲಿನ ನೇರಳಾತೀತ ಕಿರಣವನ್ನು ತಡೆದುಕೊಳ್ಳುವುದಿಲ್ಲ. ಅರ್ಧ ಇಂಚಿನಲ್ಲಿ ಕೂರಿಸಿದರೆ ಒಂದೋ ಗಾಜು ಮರದ ಮೇಲೇ ಕೂರುತ್ತದೆ, ಇಲ್ಲವೇ ಸೀಲು ಬಿಸಿಲಿಗೆ ಬೀಳುತ್ತದೆ.

ಇನ್ನು ಕೆಳಗಿನ ಅಡ್ಡಪಟ್ಟಿ. ಕಿಟಕಿಯ ಆಯಸ್ಸು ತೀರ್ಮಾನವಾಗುವುದು ಇಲ್ಲಿ.

ರಿಬೇಟಿನ ತಳವನ್ನು ಹೊರಗಡೆಗೆ ಇಳಿಜಾರು ಮಾಡಿ, ಆರಕ್ಕೆ ಒಂದರಷ್ಟು. ಸಮತಟ್ಟಾದ ತಳದಲ್ಲಿ ನೀರಿಗೆ ಎತ್ತ ಹೋಗಬೇಕೆಂದು ಗೊತ್ತಾಗುವುದಿಲ್ಲ. ಇಳಿಜಾರಿನ ಮೇಲೆ ಗಾಜು ನೇರ ನಿಲ್ಲಬೇಕಲ್ಲ, ಅದಕ್ಕೆ ಕೆಳಗೆ ಇಡುವ ಪ್ಯಾಕಿಂಗ್ ತುಂಡುಗಳನ್ನು ಅದೇ ಓರೆಗೆ ಕೊಯ್ದು ಮೇಲ್ಮೈ ಸಮ ಮಾಡಿಕೊಳ್ಳಬೇಕು. ತುಂಡಿನ ಅಗಲ ಗಾಜಿನ ಪೂರ್ತಿ ದಪ್ಪಕ್ಕೆ ಸಿಗಬೇಕು, ಅಂದರೆ ಎರಡೂ ಹಾಳೆ ಅದರ ಮೇಲೆ ಕೂರಬೇಕು. ಒಂದು ಹಾಳೆ ಮಾತ್ರ ಕೂತು ಇನ್ನೊಂದು ತೂಗಿದರೆ ತೂಗುವ ಹಾಳೆಯ ಭಾರ ಪೂರ್ತಿ ಸೀಲಿನ ಮೇಲೆ ಬೀಳುತ್ತದೆ. ಹಗಲೂ ರಾತ್ರಿ ಜಗ್ಗಿ ಜಗ್ಗಿ ಸೀಲು ಜಾರುತ್ತದೆ. ಇದು ಮಳೆಯೇ ಇಲ್ಲದ ಕಡೆಯೂ ಗಾಜನ್ನು ಕೆಡಿಸುತ್ತದೆ. ಹಾಗೆಯೇ ತುಂಡು ನೀರಿನ ಹರಿವಿಗೆ ಅಣೆಕಟ್ಟಾಗಬಾರದು. ಅದರ ಅಡಿಯಲ್ಲಿ ಒಂದು ಕಾಲುವೆ ಕೊರೆದಿರಬೇಕು.

ತುಂಡು ಯಾವುದರದ್ದು? ಕೈಗೆ ಸಿಕ್ಕ ಮರದ ಚೂರು ಬೇಡ, ಅದು ನೀರು ಹೀರಿ ಕೊಳೆಯುತ್ತದೆ. ಪ್ಲೈವುಡ್ ಚೂರಂತೂ ಬೇಡವೇ ಬೇಡ. ಮೆತ್ತನೆಯ ಪಿವಿಸಿ ಪಟ್ಟಿಯೂ ಬೇಡ. ಅದನ್ನು ಮೆತ್ತಗೆ ಮಾಡಲು ಸೇರಿಸಿದ ಎಣ್ಣೆ ನಿಧಾನವಾಗಿ ಬ್ಯೂಟೈಲಿಗೆ ಇಳಿದು ಅದನ್ನು ಕರಗಿಸುತ್ತದೆ. ಗಾಜಿನ ಕೆಲಸಕ್ಕೆಂದೇ ಮಾಡಿದ ಗಟ್ಟಿ ಪ್ಲಾಸ್ಟಿಕ್ ಅಥವಾ ಗಟ್ಟಿ ರಬ್ಬರಿನ ತುಂಡು ಸಿಗುತ್ತದೆ, ಅದನ್ನೇ ತನ್ನಿ. ಇಡೀ ಕಿಟಕಿಯ ಖರ್ಚಿನಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ.

ತೆರೆಯದ ಗಾಜಾದರೆ ತುಂಡುಗಳನ್ನು ಅಗಲದ ಕಾಲು ಭಾಗಕ್ಕೊಂದು, ಮುಕ್ಕಾಲು ಭಾಗಕ್ಕೊಂದು ಇಟ್ಟರೆ ಸಾಕು. ಬದಿಯ ಕೀಲಿನ ಮೇಲೆ ತೆರೆಯುವ ಶಟರಿಗೆ ಹಾಗಲ್ಲ. ಒಂದು ಚದರ ಮೀಟರ್ ಗಾಜು, ಒಂದು ಮಿ.ಮೀ. ದಪ್ಪಕ್ಕೆ ಎರಡೂವರೆ ಕಿಲೋ ತೂಗುತ್ತದೆ. ಎರಡಡಿ ಅಗಲ, ನಾಲ್ಕಡಿ ಎತ್ತರದ ಶಟರಿನಲ್ಲಿ ಮೊದಲು ಏಳೆಂಟು ಕಿಲೋ ಗಾಜಿತ್ತು. ಈಗ ಹದಿನೆಂಟು ಕಿಲೋಗೆ ಹತ್ತಿರ. ಆ ಭಾರ ನೇರ ಕೀಲಿಗೆ ಸೇರಬೇಕು. ಅದಕ್ಕೆ ಕೆಳಗೆ ಕೀಲಿನ ಕಡೆಯ ಮೂಲೆಯ ಹತ್ತಿರ ಒಂದು ತುಂಡು, ಮೇಲೆ ಅದರ ಎದುರು ಮೂಲೆಯಲ್ಲಿ, ಅಂದರೆ ಚಿಲಕದ ಕಡೆ, ಇನ್ನೊಂದು ತುಂಡು ಬಿಗಿಯಾಗಿ ಕೊಡಬೇಕು. ಆಗ ಗಾಜೇ ಕರ್ಣದ ಆಧಾರವಾಗಿ ಶಟರು ಇಳಿಬೀಳದಂತೆ ಹಿಡಿಯುತ್ತದೆ. ಇದನ್ನು ಮಾಡದಿದ್ದರೆ ಶಟರು ಚಿಲಕದ ಕಡೆ ಇಳಿಯುತ್ತದೆ, ಮನೆಯವರು ಬಡಗಿಯನ್ನು ಕರೆಸಿ ಕೆಳಗಡೆ ಹತ್ತರಿ ಹೊಡೆಸುತ್ತಾರೆ, ಬಣ್ಣ ಹೋದ ಆ ಬರಿ ಅಂಚು ನೀರು ಕುಡಿಯಲು ಶುರುಮಾಡುತ್ತದೆ. ಕೀಲುಗಳನ್ನೂ ಹೆಚ್ಚಿಸಿ, ಎರಡರ ಬದಲು ಮೂರು, ಸ್ಟೇನ್‌ಲೆಸ್ ಸ್ಟೀಲಿನವು.

ಬೀಡಿಂಗ್ ಒಳಗೋ ಹೊರಗೋ? ವಿದೇಶದ ಕೈಪಿಡಿಗಳಲ್ಲಿ ಇದರ ಬಗ್ಗೆ ದೊಡ್ಡ ಚರ್ಚೆಯಿದೆ, ಹೊರಗೆ ಹಾಕಿದರೆ ಕಳ್ಳ ಬಿಚ್ಚಿಕೊಂಡು ಹೋಗುತ್ತಾನೆ ಎಂಬ ಭಯ. ನಮ್ಮಲ್ಲಿ ಶಟರಿನ ಹಿಂದೆ ಗ್ರಿಲ್ ಇದ್ದೇ ಇರುತ್ತದೆ, ಆ ಭಯ ಬೇಡ. ನಾನು ಹೊರಗಿನ ಬೀಡಿಂಗನ್ನೇ ಹೇಳುತ್ತೇನೆ, ಏಕೆಂದರೆ ಕೆಳಗಿನ ಬೀಡಿಂಗ್ ಮೂಲಕ ನೀರಿಗೆ ದಾರಿ ಬಿಡುವುದು ಅಲ್ಲಿ ಸುಲಭ. ಕೆಳಗಿನ ಬೀಡಿಂಗನ್ನು ಮರದ ಮೇಲೆ ಅಂಟಿಸಿ ಕೂರಿಸಬೇಡಿ. ಅಲ್ಲಲ್ಲಿ ಸಣ್ಣ ತುಂಡು ಕೊಟ್ಟು 5 ಮಿ.ಮೀ. ಎತ್ತಿ ಕೂರಿಸಿ, ಅಡಿಯಲ್ಲಿ ಉದ್ದಕ್ಕೂ ಸಂದಿ ಇರಲಿ. ಬೀಡಿಂಗಿನ ಮೇಲ್ಮೈಯೂ ಹೊರಕ್ಕೆ ಇಳಿಜಾರಾಗಿರಲಿ, ತುದಿ ಶಟರಿನ ಮುಖಕ್ಕಿಂತ ಸ್ವಲ್ಪ ಮುಂದೆ ಚಾಚಿರಲಿ. ಕಬ್ಬಿಣದ ಮೊಳೆ ಬೇಡ. ತೇಗದಲ್ಲಿ ಅದು ಕಪ್ಪು ಕಲೆ ಬಿಡುತ್ತದೆ, ತುಕ್ಕು ಹಿಡಿಯುತ್ತದೆ. ಸುತ್ತಿಗೆ ಏಟು ಒಂದು ಸಲ ತಪ್ಪಿದರೆ ಮೊಳೆ ನೇರ ಗಾಜಿನ ಅಂಚಿಗೆ. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಕ್ರೂ, ಆರರಿಂದ ಎಂಟು ಇಂಚಿಗೊಂದು.

ಸಂದಿಯ ಬದಲು ತೂತು ಕೊರೆಯುವವರಿದ್ದಾರೆ. ಅದೂ ಸರಿ, ಆದರೆ ತೂತು 8 ಮಿ.ಮೀ.ಗಿಂತ ಸಣ್ಣದಿರಬಾರದು. ಸಣ್ಣ ತೂತಿನಲ್ಲಿ ನೀರು ತನ್ನ ಮೇಲ್ಮೈ ಎಳೆತದಿಂದಲೇ ಅಂಟಿ ನಿಲ್ಲುತ್ತದೆ. ಜೊತೆಗೆ ನಮ್ಮ ಊರಿನಲ್ಲಿ ಕುಂಬಾರ ಹುಳ ಇದೆ. ಯಾವ ತೂತು ಕಂಡರೂ ಮಣ್ಣು ತಂದು ಮುಚ್ಚಿ ಗೂಡು ಕಟ್ಟುತ್ತದೆ. ಉದ್ದನೆಯ ಸಂದಿಯನ್ನು ಅದು ಪೂರ್ತಿ ಮುಚ್ಚುವುದು ಕಷ್ಟ.

ಈ ಸಂದಿಗೆ ಹುಳಕ್ಕಿಂತ ದೊಡ್ಡ ಅಪಾಯ ಮನುಷ್ಯರಿಂದ. ಬಡಗಿ ಎಲ್ಲ ಸರಿಯಾಗಿ ಮಾಡಿ ಹೋಗಿರುತ್ತಾನೆ. ಕೊನೆಗೆ ಪೇಂಟರ್ ಬರುತ್ತಾನೆ. ಬೀಡಿಂಗಿನ ಅಡಿಯಲ್ಲಿ ಸಂದಿ ಕಾಣುತ್ತದೆ. ಬಿಟ್ಟುಹೋಗಿದೆ ಎಂದುಕೊಂಡು ಒಳ್ಳೆಯ ಮನಸ್ಸಿನಿಂದಲೇ ಸಿಲಿಕೋನ್ ತುಂಬಿ, ಬೆರಳಲ್ಲಿ ಸವರಿ ನುಣುಪು ಮಾಡಿ ಹೋಗುತ್ತಾನೆ. ಆ ಕ್ಷಣಕ್ಕೆ ಕಿಟಕಿ ತೊಟ್ಟಿಯಾಯಿತು. ದಯವಿಟ್ಟು ಪೇಂಟರಿಗೆ ಈ ಸಂದಿ ಏಕಿದೆ ಎಂದು ನೀವೇ ನಿಂತು ಹೇಳಿ. ಕಾರಣ ತಿಳಿದರೆ ಯಾವ ಕೆಲಸಗಾರನೂ ಅದನ್ನು ಮುಚ್ಚುವುದಿಲ್ಲ.

ಅಂಟುಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಕಲಸಿದ ಹಳೆಯ ಪುಟ್ಟಿ ಒಂಟಿ ಗಾಜಿಗೆ ತುಂಬ ಒಳ್ಳೆಯದು. ನೂರು ವರ್ಷದ ಕಿಟಕಿಗಳು ಅದರಲ್ಲೇ ನಿಂತಿವೆ. ಜೋಡಿ ಗಾಜಿಗೆ ಅದೇ ಎಣ್ಣೆ ವಿಷ. ತೇಗಕ್ಕೆ ಹಚ್ಚುವ ಎಣ್ಣೆಯ ಪಾಲಿಶೂ ರಿಬೇಟಿನೊಳಗೆ ಬೇಡ. ಅಂಗಡಿಯಲ್ಲಿ ಸಿಲಿಕೋನ್ ಎಂದು ಕೇಳಿದರೆ ಸಾಮಾನ್ಯವಾಗಿ ಅಗ್ಗದ ಟ್ಯೂಬು ಕೊಡುತ್ತಾರೆ, ಹಚ್ಚುವಾಗ ವಿನಿಗರ್ ವಾಸನೆ ಬರುತ್ತದೆ. ಒಣಗುವಾಗ ಅಸಿಟಿಕ್ ಆಮ್ಲ ಬಿಡುವ ಜಾತಿ ಅದು. ಗಾಜಿನ ಅಂಚಿನ ಸೀಲಿಗೂ ಲ್ಯಾಮಿನೇಟ್ ಗಾಜಿನ ನಡುವಿನ ಪದರಕ್ಕೂ ಆಗಿಬರುವುದಿಲ್ಲ. ನ್ಯೂಟ್ರಲ್ ಕ್ಯೂರ್ ಎಂದು ಟ್ಯೂಬಿನ ಮೇಲೆ ಬರೆದಿರುವುದನ್ನು ಕೇಳಿ ತನ್ನಿ. ಅದನ್ನೂ ಗಾಜಿನ ಮುಖಕ್ಕೂ ಬೀಡಿಂಗಿಗೂ ನಡುವೆ, ಫೋಮ್ ಟೇಪಿನ ಮೇಲೆ, ನೀರು ಜಾರುವಂತೆ ಓರೆಯಾಗಿ ಹಚ್ಚಿ. ಗಾಜಿನ ಕೆಳಗಿನ ಖಾಲಿ ಜಾಗಕ್ಕೆ ಮಾತ್ರ ಒಂದು ಹನಿಯೂ ಹೋಗಬಾರದು. ಆ ಜಾಗ ಗಾಳಿಯಾಡಲಿಕ್ಕೆ ಇರುವುದು.

ಗಾಜು ಕೂರಿಸುವ ಮೊದಲೇ ರಿಬೇಟಿಗೆ, ಬೀಡಿಂಗಿನ ನಾಲ್ಕೂ ಮೈಗೆ, ಮುಖ್ಯವಾಗಿ ಕೊಯ್ದ ತುದಿಗಳಿಗೆ ಪ್ರೈಮರು, ಬಣ್ಣ ಆಗಿರಬೇಕು. ಮರ ನೀರು ಕುಡಿಯುವುದು ತುದಿಯಿಂದ. ತೇಗದಲ್ಲಿ ಸ್ವಾಭಾವಿಕ ಎಣ್ಣೆ ಇರುವುದರಿಂದ ಮೊದಲು ತಿನ್ನರಿನಲ್ಲಿ ಒರೆಸಿಕೊಂಡರೆ ಬಣ್ಣ ಹಿಡಿಯುತ್ತದೆ. ಮೆಲಮೈನ್ ಪಾಲಿಶ್ ಮನೆಯೊಳಗಿನ ಬಾಗಿಲಿಗೆ ಚೆಂದ, ಹೊರಗಿನ ಬಿಸಿಲಿಗೆ ನಿಲ್ಲದು. ಗೆರೆ ಕಾಣಬೇಕೆಂಬ ಆಸೆ ಇದ್ದರೆ ಹೊರಬಳಕೆಗೆಂದೇ ಮಾಡಿದ ಪಾಲಿಯುರೆಥೇನ್ ಲೇಪ ಹಾಕಿ, ಎರಡು ವರ್ಷಕ್ಕೊಮ್ಮೆ ಮತ್ತೆ ಹಚ್ಚಲು ಸಿದ್ಧರಿರಿ.

ಹಳೆಯ ಮನೆಗಳವರು ಕೆಲವರು ಬಂದಿದ್ದೀರಿ. 1898ರ ಪ್ಲೇಗಿನ ಕಾಲದಲ್ಲಿ ಹುಟ್ಟಿದ ಬಡಾವಣೆಗಳು ಬಸವನಗುಡಿ ಮತ್ತು ಮಲ್ಲೇಶ್ವರ. ಅಲ್ಲೂ ದಂಡು ಪ್ರದೇಶದಲ್ಲೂ ಉಳಿದಿರುವ ಮಂಕಿ ಟಾಪ್ ಕಿಟಕಿಗಳನ್ನು, ಅಂದರೆ ಮೇಲೆ ಮರದ ಚೂಪು ಮುಡಿ ಇರುವ ಕಿಟಕಿಗಳನ್ನು, ಒಮ್ಮೆ ಹತ್ತಿರದಿಂದ ನೋಡಿ. ಆ ಮರದ ಮುಡಿ ಬರಿಯ ಅಲಂಕಾರವಲ್ಲ. ಓರೆಮಳೆಯನ್ನೂ ಬಿಸಿಲನ್ನೂ ಗಾಜಿನಿಂದ ದೂರ ಇಟ್ಟು ಶತಮಾನ ಕಾಪಾಡಿದೆ. ಅಂಥ ಶಟರಿನ ತೆಳುವಾದ ಪಟ್ಟಿಗಳನ್ನು ಕೊರೆದು ಜೋಡಿ ಗಾಜು ತುರುಕಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಮರ ಸೋಲುತ್ತದೆ, ಗಾಜೂ ಉಳಿಯುವುದಿಲ್ಲ. ಅದರ ಬದಲು ಹಳೆಯ ಶಟರನ್ನು ಹಾಗೇ ಬಿಟ್ಟು, ಗ್ರಿಲ್ಲಿನ ಒಳಗಡೆ, ಸೊಳ್ಳೆ ಪರದೆಯ ಜಾಗದಲ್ಲಿ, ಇನ್ನೊಂದು ತೆಳು ಚೌಕಟ್ಟಿನ ಲ್ಯಾಮಿನೇಟ್ ಗಾಜು ಹಾಕಿಸಿ. ಎರಡು ಗಾಜಿನ ನಡುವೆ 100 ಮಿ.ಮೀ. ಅಂತರ ಸಿಕ್ಕರೆ ಶಬ್ದಕ್ಕೆ ಇದು ಯಾವ ಜೋಡಿ ಗಾಜಿಗಿಂತಲೂ ಮೇಲು. ಬೇಡವಾದ ದಿನ ಬಿಚ್ಚಿಡಬಹುದು.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ.

"ನಮ್ಮ ಮನೆಯ ಗಾಜಿನ ಹೊರಮೈ ಮೇಲೆ ಡಿಸೆಂಬರ್ ಬೆಳಿಗ್ಗೆ ಮಂಜು ಕೂರುತ್ತದೆ, ಅದೂ ಕೆಟ್ಟಿದೆಯೇ ಸರ್?" ಎಂದು ಒಬ್ಬ ತಾಯಿ ಕೇಳಿದರು. ಇಲ್ಲಮ್ಮ, ಅದು ಗಾಜು ಚೆನ್ನಾಗಿ ಕೆಲಸ ಮಾಡುತ್ತಿರುವ ಗುರುತು. ಮನೆಯೊಳಗಿನ ಶಾಖ ಹೊರಗಿನ ಹಾಳೆಗೆ ಮುಟ್ಟುತ್ತಿಲ್ಲ, ಅದಕ್ಕೇ ಅದು ತಣ್ಣಗಾಗಿ ಇಬ್ಬನಿ ಹಿಡಿಯುತ್ತದೆ. ಬಿಸಿಲೇರಿದ ಮೇಲೆ ಹೋಗುತ್ತದೆ. ಕೋಣೆಯ ಕಡೆಯ ಮೈ ಮೇಲೆ ಕೂತರೆ ಅದು ಅಡುಗೆಮನೆಯ ಆವಿ, ಕಿಟಕಿ ತೆರೆದಿಡಿ. ಎರಡು ಹಾಳೆಗಳ ನಡುವೆ, ಕೈ ಮುಟ್ಟದ ಕಡೆ ಕೂತರೆ ಮಾತ್ರ ಸೀಲು ಹೋಗಿದೆ.

ಇನ್ನೊಬ್ಬರು ಕೇಳಿದ್ದು, ಹಾಗೆ ಸೀಲು ಹೋದ ಗಾಜನ್ನು ರಿಪೇರಿ ಮಾಡಬಹುದೇ ಎಂದು. ತೂತು ಕೊರೆದು ಒಣಗಿಸಿ ಮುಚ್ಚಿಕೊಡುವವರಿದ್ದಾರೆ. ಕೆಲವು ಕಾಲ ತಿಳಿಯಾಗಿ ಕಾಣುತ್ತದೆ, ಆದರೆ ಹೋದ ಸೀಲು ಹೋದದ್ದೇ. ಗಾಜು ಬದಲಿಸಬೇಕು. ಮರ ಗಟ್ಟಿಯಿದ್ದರೆ ಶಟರು ಉಳಿಯುತ್ತದೆ. ಆದರೆ ಹಳೆಯ ಗಾಜಿನ ಅಳತೆ ಹಿಡಿದುಕೊಂಡು ಅಂಗಡಿಗೆ ಹೋಗಬೇಡಿ. ಆ ಅಳತೆಯೇ ತಪ್ಪಿರಬಹುದು, ಅದಕ್ಕೇ ಗಾಜು ಕೆಟ್ಟಿರಬಹುದು. ಬೀಡಿಂಗ್ ಬಿಚ್ಚಿ, ಹಳೆಯ ಪುಟ್ಟಿ, ಸಿಲಿಕೋನ್ ಎಲ್ಲ ಉಳಿಯಿಂದ ಕೆರೆದು ರಿಬೇಟನ್ನು ಬರಿ ಮರಕ್ಕೆ ತನ್ನಿ. ಒಂದು ವಾರ ಒಣಗಲು ಬಿಡಿ. ತಳಕ್ಕೆ ಇಳಿಜಾರು ಇಲ್ಲದಿದ್ದರೆ ಈಗಲೇ ಮಾಡಿಸಿ, ಪ್ರೈಮರು ಹಚ್ಚಿಸಿ. ಆಮೇಲೆ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ, ಎತ್ತರವನ್ನೂ ಹಾಗೇ. ಮೂರರಲ್ಲಿ ಚಿಕ್ಕದನ್ನು ಹಿಡಿದು ಅದರಿಂದ 12 ಮಿ.ಮೀ. ಕಳೆಯಿರಿ, ಸುತ್ತಲೂ 6 ಮಿ.ಮೀ. ಜಾಗ ಸಿಗುತ್ತದೆ. ಎರಡು ಕರ್ಣಗಳ ನಡುವೆ 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಶಟರು ಮೂಲೆ ತಪ್ಪಿದೆ ಎಂದರ್ಥ. ಮೊದಲು ಕೀಲು ಬಿಚ್ಚಿ ಅದನ್ನು ಸರಿಮಾಡಿಸಿ, ಆಮೇಲೆ ಗಾಜಿಗೆ ಆರ್ಡರ್ ಕೊಡಿ. ಗಾಜು ಮನೆಗೆ ಬಂದಾಗ ಸಿಮೆಂಟಿನ ನೆಲಕ್ಕೆ ಮೂಲೆ ತಾಗಿಸದೆ, ಎರಡು ಮರದ ಪಟ್ಟಿಯ ಮೇಲೆ ನೇರ ನಿಲ್ಲಿಸಿ, ಬಿಸಿಲು ಮಳೆ ಬೀಳದ ಕಡೆ ಇಡಿ. ಕೂರಿಸುವ ದಿನ ಮಳೆಯಾಗುತ್ತಿದ್ದರೆ ಕೆಲಸವನ್ನು ನಾಳೆಗೆ ಹಾಕಿ.